ಹಗೇವಿನೊಳಗೆ ಇಟ್ಟ ಆಟಗಳು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಸೋದರಮಾವ ಕಲ್ಯಾಣದುರ್ಗದ ಅಜ್ಜಿಮನೆ ಹಿತ್ತಲಿನ ಹಗೇವಿಗೆ ಇಳಿದ. ಗಂಟೆ ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ಇಳಿಯುವ ಮುಂಚೆ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದ. ವಾಚಿನೊಳಗೆ ಎಲ್ಲಾದರೂ ಅಯಸ್ಕಾಂತದ ಚೂರು ಇದ್ದರೆ ಅವನ ಆಟಗಳು ಅಳಿಸಿಹೋಗುತ್ತವಂತೆ! ನಮ್ಮ ವಂಶದಲ್ಲಿ ಅವನಷ್ಟು ಜಾಗರೂಕ ಮನುಷ್ಯ ಇನ್ನೊಬ್ಬ ಹುಟ್ಟಿಲ್ಲ. ಆ ಜಾಗರೂಕತೆಯಿಂದಲೇ ಅವತ್ತು ಸತ್ತುಹೋಗುತ್ತಿದ್ದ.

ತೊಂಬತ್ತರ ದಶಕದ ನಡುವಿನ ಮಾತು. ಹಿಂದೂಪುರದ ಬಸ್‌ಸ್ಟ್ಯಾಂಡಿನ ಹಿಂದೆ ಮಾವ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಅಷ್ಟರಲ್ಲಿ ಅಂಗೈಯಗಲದ ಗಟ್ಟಿ ಫ್ಲಾಪಿಗಳು ಬಂದು, ಹಪ್ಪಳದಷ್ಟು ತೆಳ್ಳಗಿನ ಹಳೇ ಫ್ಲಾಪಿಗಳನ್ನು ಎಲ್ಲರೂ ಎಸೆಯತೊಡಗಿದ್ದರು. ಹಾಗೆ ಎಸೆದವುಗಳಲ್ಲಿ ಆಟ ಇದ್ದವನ್ನೆಲ್ಲ ಮಾವ ಆರಿಸಿ ತಂದ. ತನ್ನ ಬಾಲವನ್ನೇ ಕಚ್ಚಿ ಸಾಯುವ ಹಾವು, ಗೋಡೆ ಒಡೆಯುವ ಚೆಂಡು, ಚುಕ್ಕೆಗಳೇ ಮನುಷ್ಯರಾದ ಯುದ್ಧ. ಎಲ್ಲಾ ಸೇರಿ ಒಂದು ಟ್ರಂಕು!

"ಇನ್ಯಾರು ಆಡ್ತಾರೆ ಮಾವಾ ಇವನ್ನ?" ಅಂತ ಕೇಳಿದ್ದೆ.

"ಆಡೋದಕ್ಕಲ್ಲಮ್ಮ. ಯಾರೋ ಒಬ್ಬ ರಾತ್ರಿಯೆಲ್ಲ ಕೂತು ಮಾಡಿರ್ತಾನೆ. ಇರ್ಲಿ ಬಿಡು ಲೋಕದಲ್ಲಿ."

ಫ್ಲಾಪಿಗಿಂತ ಮುಂಚಿನ ಆಟಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು, ನಿಮ್ಮ ಮನೆಯ ಹಾಡಿನ ಕ್ಯಾಸೆಟ್ಟಿನಂಥದ್ದೇ. ಒಂದು ಶ್ರಾವಣ ಶುಕ್ರವಾರ ಅಜ್ಜಿ ದೇವರ ಹಾಡು ಅಂದುಕೊಂಡು ಅಂಥದ್ದೊಂದನ್ನು ಟೇಪ್‌ರೆಕಾರ್ಡರಿಗೆ ಹಾಕಿಬಿಟ್ಟಳು. ಕೀಂ... ಕರ್‌ರ್‌ರ್... ಕೀಂ! ಪಕ್ಕದ ಮನೆಯವರು ಯಾರಿಗೆ ಏನಾಯಿತೋ ಅಂತ ಓಡಿ ಬಂದರು. ಅಜ್ಜಿ ಕೈಮುಗಿದು ಕೂತೇ ಇದ್ದಳು. "ಸಂಸ್ಕೃತ ಇರ್ಬೈದು ಅಂತ ಸುಮ್ಕಿದ್ದೆ ಕಣಪ್ಪ" ಅಂದಳು.

ಇಷ್ಟರಲ್ಲೇ ಮುಗಿಯಬಹುದಿತ್ತು. ಆದರೆ ಮಾವನ ಕ್ಲಾಸಿಗೆ ಶೀಟಿನ ಸೂರು. ಬೇಸಿಗೆಯಲ್ಲಿ ಫ್ಲಾಪಿಗಳು ಸೊಟ್ಟಗಾದವು, ಮಳೆಗಾಲದಲ್ಲಿ ಬೂಸ್ಟು ಹಿಡಿದವು. ತಂಪು ಇರಬೇಕು, ಕತ್ತಲು ಇರಬೇಕು, ದೂಳು ಇರಬಾರದು. ಅಂಥ ಜಾಗ ಅನಂತಪುರ ಜಿಲ್ಲೆಯಲ್ಲಿ ಎಲ್ಲಿದೆ? ಅಜ್ಜಿ ಒಂದು ದಿನ ಬಾಯಿತಪ್ಪಿ ಹೇಳಿದಳು: "ನಮ್ ಹಗೇವ್‌ನಾಗೆ ರಾಗಿ ಹತ್ತು ವರ್ಸ ಕೆಡ್ತಿರ್ಲಿಲ್ಲ ಕಣ್ಲಾ." ಹಗೇವು ಅಂದರೆ ನೆಲದೊಳಗಿನ ಕಣಜ, ಕಿರಿದಾದ ಬಾಯಿ, ಆಳುದ್ದಕ್ಕೂ ಮಿಕ್ಕಿದ ಹೊಟ್ಟೆ. ವರ್ಷಗಳಿಂದ ಖಾಲಿ ಬಿದ್ದಿತ್ತು. ಮಾವನ ಮುಖ ಅರಳಿತು!

ಯುಗಾದಿ ಕಳೆದ ವಾರ ಟ್ರಂಕು ಬಸ್ಸಿನಲ್ಲಿ ಹೊರಟಿತು. ಅದಕ್ಕೊಂದು ಸೀಟು, ಅದಕ್ಕೊಂದು ಟಿಕೆಟ್ಟು.

"ಪೆಟ್ಟೆಲೋ ಏಮುಂದಿ ಸಾರ್?" ಕಂಡಕ್ಟರು ಪೆಟ್ಟಿಗೆ ತಟ್ಟಿ, ಒಳಗೇನಿದೆ ಅಂತ ತೆಲುಗಿನಲ್ಲಿ ಕೇಳಿದ.

"ಆಟಲು" ಅಂದ ಮಾವ.

"ಆಟಗಳಿಗೂ ಫುಲ್ ಟಿಕೆಟ್ಟಾ? ಹಾಫ್ ತಗೋಳಿ ಸಾರ್, ಇನ್ನೂ ಚಿಕ್ಕವು!"

ಬಸ್ಸೆಲ್ಲ ನಕ್ಕಿತು. ಮಾವ ನಗಲಿಲ್ಲ. ಮದುವೆ ಮನೆಗೆ ಸ್ಪೀಕರು ಹೊತ್ತು ಪಕ್ಕದಲ್ಲಿ ಕೂತಿದ್ದವನನ್ನು, ಅದರೊಳಗೆ ಅಯಸ್ಕಾಂತ ಇದೆ ಅಂತ ಎಬ್ಬಿಸಿ, ಹಿಂದಿನ ಸೀಟಿಗೆ ಕಳಿಸುವವರೆಗೂ ಅವನಿಗೆ ನೆಮ್ಮದಿ ಇರಲಿಲ್ಲ.

ಹಗೇವಿನ ತಳಕ್ಕೆ ರಾಗಿ ಹುಲ್ಲು ಹಾಸಿ, ಟ್ರಂಕು ಇಳಿಸಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದ. ಆ ವರ್ಷ ಎಂದೂ ಇಲ್ಲದ ಮಳೆ. ನೀರು ಜಿನುಗಿ ಹುಲ್ಲು ಒಳಗೇ ಕೊಳೆತದ್ದು ಯಾರಿಗೆ ಕಾಣಬೇಕು? ಕಾರ್ತಿಕದಲ್ಲಿ ಮಾವ ಬಂದು ಚಪ್ಪಡಿ ಸರಿಸಿದ. ಸರಿಸಿದವನೇ ಏಣಿ ಇಳಿಬಿಟ್ಟ.

"ಒಂದಿನ ಬಾಯಿ ತೆಗ್ದು ಬುಟ್ಬುಡ್ಲಾ. ಆಮ್ಯಾಲೆ ದೀಪ ಬುಟ್ಟು ನೋಡು, ಆರ್ದೆ ಇದ್ರೆ ಇಳಿ" ಅಂದಳು ಅಜ್ಜಿ. ಹಗೇವಿಗೆ ಇಳಿಯುವವರೆಲ್ಲ ಹಾಗೇ ಮಾಡುತ್ತಿದ್ದದ್ದು.

"ದೀಪಾನಾ?" ಮಾವ ಬೆಚ್ಚಿಬಿದ್ದ. "ಹೊಗೆಯ ಒಂದು ಕಣ ಕೂತ್ರೆ ಫ್ಲಾಪಿ ಹಾಳು! ನಮ್ಮ ಕ್ಲಾಸಲ್ಲಿ ಊದಿನಕಡ್ಡೀನೂ ಹಚ್ಚೊಲ್ಲ ಕಣಮ್ಮ."

"ಹಂಗಾರೆ ಹಗ್ಗನಾದ್ರೂ ಕಟ್ಕೊ. ಇಲ್ಲಾಂದ್ರೆ ನಾನೂ ಇಳ್ದುಬುಡ್ತೀನಿ ನೋಡು!"

ಅವಳ ಬಾಯಿ ಮುಚ್ಚಿಸಲು ಕಂಕುಳ ಕೆಳಗೆ ಹಗ್ಗ ಸುತ್ತಿಕೊಂಡ. ಆಗ ನಾನೇನು ಮಾಡುತ್ತಿದ್ದೆ? ವಾಚು ಹಿಡಿದು ನಿಂತಿದ್ದೆ. ಕೊಳೆತದ್ದರಿಂದ ಬರುವ ಕಾರ್ಬನ್ ಡೈಆಕ್ಸೈಡು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ ಅಂತ ಬರೆದು ಬಿ.ಎಸ್ಸಿ. ಪಾಸಾದವಳು ನಾನು! ಅಜ್ಜಿಯ ದೀಪ ನನಗೂ ಹಳೇ ಕಾಲದ ಶಾಸ್ತ್ರವಾಗಿ ಕಂಡಿತ್ತು. ಈಗಲೂ ಅಡುಗೆ ಮಾಡುತ್ತಿರುವಾಗ ಒಮ್ಮೊಮ್ಮೆ ಅವನು ಹಗ್ಗ ಸುತ್ತಿಕೊಂಡ ಆ ಎರಡು ನಿಮಿಷ ತಲೆಯಲ್ಲಿ ಮೊದಲಿಂದ ಓಡುತ್ತದೆ. ಪ್ರತಿ ಸಲವೂ ನಾನು "ಮಾವಾ, ಬೇಡ" ಅನ್ನುತ್ತೇನೆ.

"ತಣ್ಣಗಿದೆ" ಅಂತ ಕೆಳಗಿಂದ ಕೂಗಿದ. "ಹಾವಿನ ಆಟ ಮೇಲೇ ಇ..."

ಅಷ್ಟೇ. ಲೇಬಲ್ಲು ಓದುತ್ತಿದ್ದಾನೆ ಅಂದುಕೊಂಡೆ. ಅಜ್ಜಿ ಹಗ್ಗ ಜಗ್ಗಿದಳು. ಕೆಳಗಿಂದ ಯಾರೂ ತಿರುಗಿ ಜಗ್ಗಲಿಲ್ಲ.

ನಾನು ಏಣಿಗೆ ಕಾಲಿಟ್ಟೆ. ಅಜ್ಜಿ ನನ್ನ ಜಡೆ ಹಿಡಿದು ಹಿಂದಕ್ಕೆಳೆದಳು. "ಇಳೀಬ್ಯಾಡ ಕಣಮ್ಮಿ! ಇಬ್ರನ್ನ ನಾನ್ ಎಳೀಲಾರೆ!" ಆಮೇಲೆ ಗೋಡೆಯಾಚೆಯ ಕಡಲೆಕಾಯಿ ಮಂಡಿಗೆ ಕೇಳುವ ಹಾಗೆ ಕಿರುಚಿದಳು: "ಓಬಳೇಸೂ! ರಾರಾ!"

ಓಬಳೇಶ ಮಂಡಿಯ ಹಮಾಲಿ. ಗೋಡೆ ಹಾರಿ ಬಂದ. "ಲಾಗಂಡಿ! ಲಾಗಂಡಿ!" ಮೂವರೂ ಎಳೆದೆವು. ಮಾವನ ಭುಜ ಹಗೇವಿನ ಬಾಯಿಗೆ ಸಿಕ್ಕಿಕೊಂಡಿತು. ಓಬಳೇಶ ಅಂಗಾತ ಮಲಗಿ, ಚಪ್ಪಡಿಗೆ ಕಾಲು ಕೊಟ್ಟು, ಮೂಟೆ ಎಳೆದಂತೆ ಎಳೆದ. ಹೊರಗೆ ಬಂದ ಮಾವನ ತುಟಿ ಕಪ್ಪಿಟ್ಟಿತ್ತು. ಅಜ್ಜಿ ಮೊರದಿಂದ ಗಾಳಿ ಹಾಕುತ್ತ ಕೆನ್ನೆಗೆ ಹೊಡೆದಳು. ಮಾವ ಕೆಮ್ಮಿದ. ವಾಚು ನೋಡಿದೆ. ಹನ್ನೊಂದು ಇಪ್ಪತ್ತಾರು. ಬರೀ ಆರು ನಿಮಿಷ!

ಆಸ್ಪತ್ರೆಯಲ್ಲಿ ಡಾಕ್ಟರು ಎದೆ ನೋಡಲು ಅಂಗಿ ಗುಂಡಿ ಬಿಚ್ಚಿದರು. ಬನಿಯನ್ನಿನೊಳಗಿಂದ ಒಂದು ಫ್ಲಾಪಿ ಜಾರಿತು.

"ಇದೇನಮ್ಮ?"

"ಹಾವು ಸಾರ್" ಅಂದಳು ಅಜ್ಜಿ.

ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು!

ಮೂರನೇ ದಿನ ಮಾವನನ್ನು ಮನೆಗೆ ಕರೆತಂದೆವು. ಜೀವ ಬಂದಿತ್ತು, ಮಾವ ಬಂದಿರಲಿಲ್ಲ. ಪಡಸಾಲೆಯಲ್ಲಿ ಗೋಡೆ ನೋಡುತ್ತ ಮಲಗಿರುತ್ತಿದ್ದ. ಕೇಳಿದ್ದಕ್ಕೆಲ್ಲ "ಹೂಂ". "ತಲೆಗೆ ಗಾಳಿ ಕಡಿಮೆಯಾಗಿತ್ತು, ಕಾದು ನೋಡೋಣ" ಅಂದಿದ್ದರು ಡಾಕ್ಟರು. ಟ್ರಂಕು ಇನ್ನೂ ಹಗೇವಿನಲ್ಲೇ ಇತ್ತು. ಅದರ ಮಾತನ್ನು ಮಾವ ಒಮ್ಮೆಯೂ ಎತ್ತಲಿಲ್ಲ. ನಮಗೆ ಭಯ ಹುಟ್ಟಿಸಿದ್ದು ಅದೇ. ರಾತ್ರಿ ಅಜ್ಜಿ ಗಳಿಗೆಗೊಮ್ಮೆ ಎದ್ದು ಅವನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು. ಅವಳು ಮಲಗಿದ ಮೇಲೆ ನಾನು ಎದ್ದು ಹಿಡಿಯುತ್ತಿದ್ದೆ.

ಹತ್ತನೇ ದಿನ, ಗುರುವಾರ. ಅಷ್ಟು ದಿನ ಬಾಯಿ ತೆರೆದೇ ಇದ್ದ ಹಗೇವಿಗೆ ಅಜ್ಜಿ ದೀಪ ಇಳಿಬಿಟ್ಟಳು. ಆರಲಿಲ್ಲ. ಓಬಳೇಶ ಹಗ್ಗ ಕಟ್ಟಿಕೊಂಡು ಇಳಿದು ಟ್ರಂಕು ಮೇಲಕ್ಕೆ ಕಳಿಸಿದ. ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ, ಒಂದೊಂದೇ ಫ್ಲಾಪಿಯನ್ನು ಸೆರಗಿನಿಂದ ಒರೆಸಿ, ಸಂಡಿಗೆ ಹರಡಿದಂತೆ ಸುಡುಬಿಸಿಲಿಗೆ ಹರಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಿಂದ ಕೂಗು ಬಂತು.

"ಅಮ್ಮಾ! ಬಿಸಿಲು! ಬಿಸಿಲಿಗೆ ಯಾರಾದ್ರೂ ಇಡ್ತಾರಾ? ಬುದ್ಧಿ ಇದ್ಯಾ ನಿಂಗೆ?"

ಮಾವ ಗೋಡೆ ಹಿಡಿದು ಎದ್ದ. ತೂರಾಡುತ್ತ ಬಂದು ಚಾಪೆಯ ಮೇಲೆ ಕುಸಿದು, ಫ್ಲಾಪಿಗಳನ್ನು ಎರಡೂ ಕೈಯಲ್ಲಿ ಬಾಚಿ, ಅಜ್ಜಿಯನ್ನು ಬೈಯುತ್ತಲೇ ಇದ್ದ. ಎಷ್ಟು ಬೈದ ಅಂತೀರಿ! ಅಜ್ಜಿ ಎದುರಿಗೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಅವನ ಬಾಯನ್ನೇ ನೋಡುತ್ತಿದ್ದಳು.

"ಬಿಸಿಲಿಗೆ ಕೆಡ್ತವೆ ಅಂತ ಗೊತ್ತಿರ್ಲಿಲ್ವಾ ಅಜ್ಜಿ?" ಅಂತ ಆಮೇಲೆ ಕೇಳಿದೆ.

"ಗೊತ್ತಿತ್ತು. ಅವ್ನಿಗೆ ಗೊತ್ತೈತೋ ಇಲ್ವೋ ನೋಡ್ಬೇಕಿತ್ತು" ಅಂದಳು.

ಅವತ್ತು ರಾತ್ರಿ ನಮ್ಮಲ್ಲಿ ಯಾರೂ ಏಳಲಿಲ್ಲ. ಶುಕ್ರವಾರ ಬೆಳಿಗ್ಗೆ ಹಾಲಿನವಳು ಬಂದು ಎಷ್ಟೋ ಹೊತ್ತು ಬಾಗಿಲು ಬಡಿಯಬೇಕಾಯಿತು.