ಇಪ್ಪತ್ತು ಇಂಚಿನ ಗಾಲಿ ಮತ್ತು ಮುದ್ದೇಬಿಹಾಳದ ಬೀಗತಿ

ನನ್ನ ಹಳೆಯ ಡೈರಿಯಲ್ಲಿ ಫೆಬ್ರುವರಿ ಹನ್ನೊಂದರ ಪುಟದಲ್ಲಿ ಒಂದೇ ಸಾಲಿದೆ: "ಮಗ ಕಾರಿನ ಗಾಲಿ ಬದಲಿಸಿದ. ಸಂಶಯ." ನಮ್ಮ ಮನೆಯಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಕೆಟ್ಟದ್ದನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ. ಚೆನ್ನಾಗಿ ನಡೆಯುತ್ತಿದ್ದುದನ್ನೇ ಒಯ್ದು ಸುಧಾರಿಸಿಕೊಂಡು ಬರುತ್ತಾರೆ.

ಈ ಸಲದ ಸುಧಾರಣೆ ಕಾರಿಗೆ ಬಂದಿತ್ತು. ಆ ಕಾರಾದರೂ ಮೋಜಿಗೆ ಕೊಂಡದ್ದಲ್ಲ. ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದೇವೆ. ಆಗ ಅವಳು ಐದು ತಿಂಗಳ ಬಸುರಿ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ತವರಿನವರು ಕುಬಸದ ಬುತ್ತಿ ಕಟ್ಟಿಕೊಂಡು ಹೋಗಿ, ಮಗಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಕರೆದುಕೊಂಡು ಬರುತ್ತಾರೆ. ಆದರೆ ಡಾಕ್ಟರು "ಕುಲುಕಾಟದ ಪ್ರವಾಸ ಬೇಡ" ಎಂದುಬಿಟ್ಟರು. ಮಗಳ ಅತ್ತೆ, ಅಂದರೆ ನನ್ನ ಬೀಗತಿ, ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡರು.

"ಅಕ್ಕಾರ, ತಂಬಿಗಿ ತುಂಬ ನೀರಿಟ್ರ ತುಳಕಬಾರದು, ಅಂಥಾ ಗಾಡಿ ತಗೊಂಡ ಬರ್ರಿ, ಕಳಸ್ತೇನಿ. ಇಲ್ಲಾಂದ್ರ ಬಾಣಂತನ ಇಲ್ಲೇ."

ಡಾಕ್ಟರ ಮಾತು ಬರೀ ನೆಪ, ಮೊಮ್ಮಗುವಿನ ಮುಖ ನನಗಿಂತ ಮೊದಲು ತಾವು ನೋಡಬೇಕೆಂಬುದೇ ಅವರ ಒಳಗಿನ ಲೆಕ್ಕ ಎಂದು ನನಗೆ ಮೊದಲಿನಿಂದಲೂ ಗುಮಾನಿ.

ಮಗ ನಮ್ಮೂರು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ. ಆ ವರ್ಷ ನಿಂಬೆಗೆ ಒಳ್ಳೆಯ ದರ ಸಿಕ್ಕಿತ್ತು. ಪುಣೆಗೆ ಹೋಗಿ, ಒಬ್ಬರು ಬಳಸಿ ಬಿಟ್ಟದ್ದಾದರೂ ದಿವಾನಖಾನೆಯಂಥ ಸೆಡಾನ್ ಕಾರು ತಂದ. ನಾನು ಹಿಂದಿನ ಸೀಟಿನಲ್ಲಿ ತುಂಬಿದ ತಂಬಿಗೆ ಹಿಡಿದು ಕುಳಿತು ಊರು ಸುತ್ತಿ ಬಂದೆ. ಒಂದು ಹನಿ ತುಳುಕಲಿಲ್ಲ. ಇಳಿದವಳೇ ಬೀಗತಿಗೆ ಫೋನು ಮಾಡಿದೆ. ಬಣ್ಣಿಸುವುದರಲ್ಲಿ ಜಿಪುಣತನ ಮಾಡಲಿಲ್ಲ.

ಹದಿನೈದು ದಿನವೂ ಕಳೆದಿರಲಿಲ್ಲ, ಮಗ ಸಿಂದಗಿಗೆ ಹೋಗಿ ಗಾಲಿ ಬದಲಿಸಿಕೊಂಡು ಬಂದ.

ಆನೆಯ ಕಾಲು

ಅಂಗಳದಲ್ಲಿ ನಿಂತ ಕಾರನ್ನು ನೋಡಿದೆ. ಗಾಲಿಗಳು ಥಳಥಳ ಹೊಳೆಯುತ್ತಿದ್ದವು. ಒಂದೊಂದೂ ಮದುವೆ ಮನೆಯಲ್ಲಿ ಹಿಟ್ಟು ನಾದುವ ಪರಾತದಷ್ಟಿತ್ತು.

"ಹಳೇ ಗಾಲಿಗೆ ಏನಾಗಿತ್ತೋ?"

"ಏನೂ ಆಗಿದ್ದಿಲ್ಲವ್ವಾ. ಸಣ್ಣೂ ಕಾಣ್ತಿದ್ದೂ. ಆನಿಗೆ ಆಡಿನ ಕಾಲು ಹಚ್ಚಿದಂಗ. ಇವು ಇಪ್ಪತ್ತು ಇಂಚು."

ನಾನು ಬಗ್ಗಿ ನೋಡಿದೆ. "ಟೈರ್ ಎಲ್ಲಿ ಐತಿ?"

"ಅದ, ಸುತ್ತಲೂ ಕರ್ರಗ ಐತೆಲ್ಲ."

"ಅದು ಟೈರಲ್ಲ, ಕೈಬಳಿ."

ನಾನು ಧಾರವಾಡದಲ್ಲಿ ಓದಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ನಮ್ಮ ಓಣಿಯಲ್ಲಿ ಆ ಕಾಲಕ್ಕೆ ಹಾಗೆ ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಮಗನಿಗೆ ಬಿಡಿಸಿ ಹೇಳಿದೆ: ಗಾಲಿಯ ಒಟ್ಟು ಎತ್ತರ ಮೊದಲಿನಷ್ಟೇ ಇದೆ, ಒಳಗಿನ ಲೋಹ ಮಾತ್ರ ದೊಡ್ಡದಾಗಿದೆ. ಹಾಗಾದರೆ ಅದು ಯಾರ ಜಾಗ ತಿಂದಿತು? ರಬ್ಬರಿನದು ಮತ್ತು ಗಾಳಿಯದು. ಕಾರು ಮೆತ್ತಗಿದ್ದದ್ದೇ ಆ ಗಾಳಿಯಿಂದ.

ಮಗ ನಕ್ಕ. "ಅವ್ವಾ, ನಿನಗಿಂತ ಕಾರು ಮಾಡಿದಾವ್ರಿಗೆ ಹೆಚ್ಚ ಗೊತ್ತಿರ್ತೈತಿ."

"ಮಾಡಿದಾವ್ರು ಸಣ್ಣ ಗಾಲೀನ ಹಾಕಿ ಕೊಟ್ಟಿದ್ರಲ್ಲೋ!" ಎಂದೆ.

ಸಿಂದಗಿಯ ಅಂಗಡಿ

ಮಾರನೆಯ ದಿನ ಮಗನನ್ನೇ ಹೊರಡಿಸಿಕೊಂಡು ಸಿಂದಗಿಗೆ ಹೋದೆ. ಹಳೆಯ ಗಾಲಿಗಳನ್ನು ಮರಳಿ ಹಾಕಿಸಿಕೊಂಡು ಬರುವುದು ನನ್ನ ವಿಚಾರ. ದಾರಿಯಲ್ಲಿ ರಸ್ತೆಯ ಒಂದೊಂದು ಹರಳೂ ನನ್ನ ಬೆನ್ನಿಗೆ ತನ್ನ ಪರಿಚಯ ಹೇಳಿಕೊಂಡಿತು.

ಅಂಗಡಿಯವರು ಬಹಳ ಮರ್ಯಾದೆಯ ಮನುಷ್ಯ. ಕುರ್ಚಿ ಒರೆಸಿ ಕೊಟ್ಟರು.

"ಹಳೇ ಗಾಲಿ ಆವತ್ತ ಸಂಜೀಕ ಒಬ್ರು ಒಯ್ದ್ರಿ, ಅಮ್ಮಾರ. ಅದಕ್ಕ ಭಾಳ ಗಿರಾಕಿ."

"ಯಾಕ, ಅಷ್ಟ ಚಲೋ ಇದ್ದುವೇನು?"

"ಭಾಳ ಚಲೋ ಇದ್ದೂರಿ," ಎಂದವರು ನಾಲಿಗೆ ಕಚ್ಚಿಕೊಂಡು, "ಇವೂ ಅಷ್ಟ ಚಲೋ ಅದಾವ್ರಿ. ಫರಕ್ ಏನೂ ಗೊತ್ತಾಗಂಗಿಲ್ಲ" ಎಂದರು.

"ಹಂಗಾರ ಬರ್ರಿ, ಹಿಂದ ಕುಂಡರ್ರಿ. ಬಸ್ ಸ್ಟ್ಯಾಂಡ್ ಮಟ ಹೋಗಿ ಬರೂಣು."

"ಗಿರಾಕಿ ಬರೂ ಹೊತ್ತ್ರಿ."

ಅಂಗಡಿಯಲ್ಲಿ ನಮ್ಮನ್ನು ಬಿಟ್ಟರೆ ಒಂದು ಬೆಕ್ಕಿತ್ತು. ನಾನು ಹೊರಗೆ ನೋಡಿದೆ. ಬೇವಿನ ಮರದ ನೆರಳಿನಲ್ಲಿ ಒಂದು ಬಿಳಿ ಕಾರು ನಿಂತಿತ್ತು.

"ಅದು ಯಾರದು?"

"ನಮ್ದ್ರಿ."

"ಗಾಲಿ ಅಂಗಡಿ ಮಾಲಕರ ಕಾರಿಗೆ ಯಾಕ ಸಣ್ಣ ಗಾಲಿ?"

ಅವರು ಬೆಕ್ಕಿಗೆ ಹೇಳುವಂತೆ ಹೇಳಿದರು: "ದೊಡ್ಡೂ ಹಾಕಿದ್ನ್ರಿ. ನಮ್ಮ ಮನಿಯಾಕಿ ಒಂದ ದಿನ ಕುಂತ್ಲು. ಮರುದಿನ ತೌರಮನಿಗೆ ಬಸ್ಸಿನಾಗ ಹೋದ್ಲು."

ಬಸವನ ಬಾಗೇವಾಡಿಯ ತಪಾಸಣೆ

ಕಾರಿನ ಮೊದಲಿನ ಅಳತೆಯ ಗಾಲಿ ಹೊಸದಾಗಿ ತರಿಸಬೇಕಾದರೆ ತಿಂಗಳುಗಟ್ಟಲೆ ಕಾಯಬೇಕೆಂದರು ಅಂಗಡಿಯವರು. ಮಗ ಆರ್ಡರ್ ಕೊಟ್ಟಿದ್ದೇನೆ ಎಂದು ಹೇಳಿದ. ಕೊಟ್ಟನೋ ಇಲ್ಲವೋ, ಆಗ ನನಗೆ ನಂಬಿಕೆ ಇರಲಿಲ್ಲ. ಬಾಡಿಗೆ ಕಾರು ಮಾಡೋಣವೆಂದರೆ ನಮ್ಮ ಕಾರಿನ ವರ್ಣನೆಯನ್ನು ಬೀಗತಿಗೆ ನಾನೇ ಹಾಡಿ ಹೊಗಳಿ ಮುಗಿಸಿದ್ದೆ. ಈಗ ಬೇರೆಯವರ ಗಾಡಿಯಲ್ಲಿ ಹೋಗಿ ಇಳಿದರೆ ಮುಖ ಎಲ್ಲಿಡುವುದು?

ನಡುವೆ ಬಸವನ ಬಾಗೇವಾಡಿಯಲ್ಲಿ ನಮ್ಮ ಯಜಮಾನರ ಅಣ್ಣನ ಮನೆಯ ವಾಸ್ತುಶಾಂತಿ ಬಂತು. ಯಜಮಾನರು ಮುಂದಿನ ಸೀಟಿನಲ್ಲಿ ಕುಳಿತರು. "ಏನ ಕುಲುಕಾಟ? ನನಗೇನೂ ಗೊತ್ತಾಗಾಕತ್ತಿಲ್ಲ" ಎಂದು ಮಗನ ಪರ ವಹಿಸಿದರು. ಇಣುಕಿ ನೋಡಿದೆ. ಕೆಳಗೆ ಎರಡು ಕೌದಿ ಮಡಿಸಿ ಹಾಕಿಕೊಂಡಿದ್ದರು. ಅವರ ರುಮಾಲು ಕಾರಿನ ಚಾವಣಿಗೆ ತಾಗಿತ್ತು.

ಮಗ ಒಂದೊಂದು ಗುಂಡಿಯನ್ನೂ ತಪ್ಪಿಸುತ್ತ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೊರಳಿಸುತ್ತ ನಡೆಸಿದ. ಊರ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು.

"ಹಾವು ಹರದಂಗ ಯಾಕ ಬರಾಕತ್ತೀರಿ? ತಗೊಂಡೀರೇನು?"

"ಇಲ್ರೀ ಸಾಹೇಬ್ರ! ಅವ್ವ ಹಿಂದ ಕುಂತಾಳ."

ಪೊಲೀಸರು ನನ್ನನ್ನು ನೋಡಿದರು. ನಾನು, "ಇಲ್ಲಿ ತನಕ ಕುಡಿದಿಲ್ಲ. ಇಳದ ಮ್ಯಾಲಿಂದು ಗೊತ್ತಿಲ್ರಿ" ಎಂದೆ.

"ಮತ್ತ ಹಿಂಗ್ಯಾಕ?"

"ಗುಂಡಿ ತಪ್ಪಸಾಕ್ರಿ," ಎಂದ ಮಗ.

"ಇಷ್ಟ ದೊಡ್ಡ ಗಾಲಿ ಹಾಕ್ಸೀರಿ, ಗುಂಡಿಗಿ ಅಂಜ್ತೀರಿ? ಗುಂಡಿ ದಾಟಾಕಂತನ ಅಲ್ಲೇನು ದೊಡ್ಡ ಗಾಲಿ?"

"ಅಲ್ರಿ. ಇವು ಬರೇ ನೋಡಾಕ್ರಿ."

"ಹೌದೂ? ಹಂಗಾರ ಬಾಜೂಕ ಹಚ್ಚಿ ನಿಂದರ್ರಿ, ನೋಡೂಣು."

ನಾಲ್ವರು ಸೇರಿ ನಿಧಾನವಾಗಿ ಗಾಲಿ ನೋಡಿದರು. ಅಷ್ಟರಲ್ಲಿ ಹಿಂದಿನಿಂದ ಕಬ್ಬಿನ ಮೇವು ಹೇರಿದ ಎತ್ತಿನ ಬಂಡಿ ಬಂದು ನಮ್ಮನ್ನು ದಾಟಿಕೊಂಡು ಹೋಯಿತು. ಅದಕ್ಕೆ ಲಾರಿಯ ದಪ್ಪ ಹಳೆ ಟೈರು. ಮೇವಿನ ಮೇಲೆ ಒಬ್ಬ ಅಜ್ಜ ಗಾಢ ನಿದ್ದೆಯಲ್ಲಿದ್ದ.

ಕೊಲ್ಹಾರದ ಮೊಸರು

ಕುಬಸದ ದಿನ ಗೊತ್ತು ಮಾಡಲು ಮುದ್ದೇಬಿಹಾಳಕ್ಕೆ ಹೋಗಬೇಕಾಯಿತು. ಬೀಗತಿ ಫೋನಿನಲ್ಲಿ, "ಬರೂವಾಗ ಕೊಲ್ಹಾರದ ಮೊಸರು ತಗೊಂಡ ಬರ್ರಿ, ಬಸುರಿ ಬಾಯಿ ಬೇಡಾಕತ್ತೈತಿ" ಎಂದರು. ಕೇಳಿದ್ದು ಸಹಜವಾಗಿಯೇ ಇತ್ತು. ನನಗೆ ಮಾತ್ರ ಅದು ಸಹಜ ಅನಿಸಲಿಲ್ಲ. ಕೊಲ್ಹಾರದ ಮೊಸರೆಂದರೆ ಮಡಕೆಯನ್ನು ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಅದನ್ನೇ ಕೇಳಿದ್ದೇಕೆ? ತಂಬಿಗೆಯ ನೀರಿನ ಬದಲು ಮೊಸರಿನ ಪರೀಕ್ಷೆ!

ಕೊಲ್ಹಾರದಲ್ಲಿ ಮಡಕೆ ಕೊಂಡು, ಬಾಯಿಗೆ ಬಟ್ಟೆ ಕಟ್ಟಿ ತೊಡೆಯ ಮೇಲಿಟ್ಟುಕೊಂಡೆ. ಮಸೂತಿ ಬರುವಷ್ಟರಲ್ಲಿ ಒಳಗೆ ಒಂದು ಥರದ ಸಪ್ಪಳ ಶುರುವಾಯಿತು. ಬಾಗೇವಾಡಿ ದಾಟಿದ ಮೇಲೆ ಸಪ್ಪಳದ ರಾಗ ಬದಲಾಯಿತು. ನಾನು ಮಗನಿಗೆ ಏನೂ ಹೇಳಲಿಲ್ಲ. ಹೇಳಿದರೆ ಹಾಡು ಜೋರು ಮಾಡುತ್ತಿದ್ದ.

ಮುದ್ದೇಬಿಹಾಳ ಮುಟ್ಟಿದಾಗ ಬೀಗತಿ ಎಲ್ಲರ ಎದುರು ಮಡಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಒಳಗೆ ತೆಳ್ಳನೆಯ ಮಜ್ಜಿಗೆ. ಅದರ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ತೇಲುತ್ತಿತ್ತು.

"ಬ್ಯಾಸಗಿ ಅಂತ ಮಜ್ಜಿಗೀನ ತಂದೆ," ಎಂದೆ.

"ಕೊಲ್ಹಾರದಾಗ ಈಗ ಮಜ್ಜಿಗೀನೂ ಮಾರ್ತಾರೇನ್ರಿ?"

"ಹೊಸದಾಗಿ ಸುರು ಮಾಡ್ಯಾರ."

ಬೀಗತಿ ಎದ್ದು ಕಿಟಕಿಯ ಹತ್ತಿರ ಹೋದರು. ಹೊರಗೆ ನಿಂತ ಕಾರನ್ನು ಬಹಳ ಹೊತ್ತು ನೋಡಿ, "ಕಾರೇನೋ ಚಂದ ಐತಿ ಅಕ್ಕಾರ. ಆದ್ರ ಗಾಲಿಗಿ ರಬ್ಬರ್ ಹಾಕೂದು ಮರತಾರೇನು?" ಎಂದರು.

ಮಗಳು ಅಡುಗೆಮನೆಗೆ ಕರೆದುಕೊಂಡು ಹೋಗಿ ನನ್ನ ಕೈ ಹಿಡಿದಳು. "ಅವ್ವಾ, ನನಗ ನಮ್ಮ ಮನಿಗೇ ಬರೂದೈತಿ. ಹೆಂಗರ ಮಾಡಿ ಕರ್ಕೊಂಡ ಹೋಗು." ಅವಳ ಕಣ್ಣು ತುಂಬಿತ್ತು. ಹೊರಡುವಾಗ ಬೀಗತಿ ಶರತ್ತು ಹೇಳಿದರು: ಕುಬಸದ ದಿನ ತಾವೇ ಹಿಂದಿನ ಸೀಟಿನಲ್ಲಿ ಕುಳಿತು ಒಂದು ಸುತ್ತು ಹೋಗಿ ಬರುತ್ತಾರೆ. ಆಮೇಲೆ ಕಳಿಸುವುದೋ ಬಿಡುವುದೋ ತೀರ್ಮಾನ.

ಗಾಳಿ ಇಳಿಸಿದ್ದು

ತಂಗಿಯ ಕಣ್ಣೀರಿನ ಸುದ್ದಿ ಕೇಳಿ ಮಗನೂ ಮೆತ್ತಗಾದ. ಕುಬಸಕ್ಕೆ ನಾಲ್ಕು ದಿನವಿದ್ದಾಗ ನನ್ನ ಭೌತಶಾಸ್ತ್ರವನ್ನು ನನಗೇ ತಿರುಗಿಸಿದ. "ಗಾಳಿಯಿಂದ ಮೆತ್ತಗ ಆಗ್ತೈತಿ ಅಂದಿದ್ದೆಲ್ಲ? ಟೈರಿನ ಗಾಳಿ ಇಳಿಸಿ ಮೆತ್ತಗ ಮಾಡೇನಿ" ಎಂದ. ಅರ್ಧ ಓದಿದವರ ಕೈಗೆ ಶಾಸ್ತ್ರ ಕೊಡಬಾರದು. ಇದ್ದದ್ದೇ ಬೆರಳಷ್ಟು ರಬ್ಬರು, ಅದರಲ್ಲಿನ ಗಾಳಿಯೂ ಹೋದರೆ ಉಳಿಯುವುದೇನು?

ನೋಡೋಣವೆಂದು ಹೊರಟರೆ ಮೊದಲ ಸೇತುವೆಯ ಅಂಚಿನಲ್ಲೇ "ಠಣ್" ಎಂದಿತು. ಗಾಲಿಯ ಒಂದು ಕಡೆ ಅಂಚು ಮುದುಡಿದ ರೊಟ್ಟಿಯಂತೆ ಡೊಂಕಾಗಿತ್ತು. ಮತ್ತೆ ಸಿಂದಗಿ. ಅಂಗಡಿಯವರು ಕಾಯಿಸಿ, ತಟ್ಟಿ, ಸರಿ ಮಾಡುತ್ತ ಕೇಳಿದರು:

"ಗಾಳಿ ಯಾಕ ಇಳಿಸಿದ್ರಿ?"

"ಸ್ವಲ್ಪ ಮೆತ್ತಗ ಆಗ್ಲಿ ಅಂತ್ರಿ," ಎಂದ ಮಗ.

"ಮೆತ್ತಗ ಬೇಕಾಗಿದ್ರ ಸಣ್ಣ ಗಾಲಿ ಹಾಕಸ್ಬೇಕಿತ್ತಲ್ರಿ!"

ಅವರ ಕೈಯಲ್ಲಿದ್ದ ಸುತ್ತಿಗೆಯನ್ನು ನಾನು ನೋಡಿದ ರೀತಿಗೆ ಮಗ ನನ್ನನ್ನು ಹೊರಗೆ ಕರೆದುಕೊಂಡು ಬಂದ.

ಬೀಗತಿಯ ಪ್ರಯಾಣ

ಕುಬಸ ಚೆನ್ನಾಗಿ ಆಯಿತು. ಹೋಳಿಗೆ, ಕಡುಬು, ಐದು ಥರದ ಉಂಡಿ, ಯಾವುದರಲ್ಲೂ ಬೀಗತಿಗೆ ತಪ್ಪು ಸಿಗಲಿಲ್ಲ. ಊಟವಾದ ಮೇಲೆ ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಎದ್ದರು. "ವರ್ಷದಿಂದ ಹಿಡದೈತಿ ಅಕ್ಕಾರ, ನಿಂತ್ರ ಕೂಡಾಕ ಬರಂಗಿಲ್ಲ, ಕುಂತ್ರ ಏಳಾಕ ಬರಂಗಿಲ್ಲ. ನಡೀರಿ, ನಿಮ್ಮ ಗಾಡಿ ನೋಡೂಣು."

ಹಿಡಿದ ಸೊಂಟ, ನಮ್ಮ ಗಾಲಿ! ಇದನ್ನೂ ಬೇಕೆಂದೇ ಹೂಡಿದ್ದಾರೆ ಎಂದುಕೊಂಡೆ.

ನಾನೂ ಪಕ್ಕದಲ್ಲಿ ಕುಳಿತೆ. ಕುಲುಕಾಟಕ್ಕೆ ಹಲ್ಲು ಸಪ್ಪಳ ಮಾಡದಂತೆ ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡಿದ್ದೆ. ಮಗ ಕಾರನ್ನು ದೇವರ ಪಲ್ಲಕ್ಕಿಯಂತೆ ನಡೆಸಿದ. ಬಜಾರು ದಾಟಿತು. ಬೀಗತಿಯಿಂದ ತಕರಾರಿಲ್ಲ. ಶಾಲೆ ದಾಟಿತು. ತಕರಾರಿಲ್ಲ. "ಗೆದ್ದೆವು" ಎಂದು ನಾನು ಉಸಿರು ಬಿಡುವಷ್ಟರಲ್ಲಿ ಊರ ಹೊರಗೆ ಯಾರೋ ಹೊಸದಾಗಿ ಹಾಕಿದ್ದ, ಬಣ್ಣ ಬಳಿಯದ ರಸ್ತೆಯುಬ್ಬು ಬಂತು.

ಧಡಾರ್!

ಬೀಗತಿ ಸೀಟಿನಿಂದ ಗೇಣು ಮೇಲೆದ್ದು ಕೆಳಗೆ ಬಂದರು. ನನ್ನ ಎಲೆಅಡಿಕೆ ನುಂಗಿಹೋಯಿತು. ಮಗ ಕಾರು ನಿಲ್ಲಿಸಿದ. ಮಗಳನ್ನು ಕರೆದುಕೊಂಡು ಹೋಗುವ ಮಾತು ಇಲ್ಲಿಗೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

ಬೀಗತಿ ಮೆಲ್ಲಗೆ ಎಡಕ್ಕೆ ವಾಲಿದರು. ಬಲಕ್ಕೆ ವಾಲಿದರು. ಆಮೇಲೆ ಮಗನ ಹೆಗಲು ತಟ್ಟಿದರು.

"ತಮ್ಮಾ, ಗಾಡಿ ಹೊಳ್ಳಸು."

"ತಪ್ಪಾತ್ರಿ ಅತ್ತಿ, ಮನೀಗಿ ಹೋಗೂಣ್ರಿ."

"ಮನೀಗಲ್ಲೋ. ಅದ ಉಬ್ಬಿನ ಮ್ಯಾಲ ಇನ್ನೊಮ್ಮಿ ಹೋಗು. ಸೊಂಟ ಬಲಕಿನ ಕಡೆ ಬಿಡ್ತು, ಎಡಕಿಂದು ಉಳದೈತಿ."

ಮಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಎರಡನೆಯ ಸಲ ಹೋದೆವು. "ಸ್ವಲ್ಪ ಜೋರ್ಲೆ ಹೋಗಪಾ, ಅಂಜಬ್ಯಾಡ" ಎಂದರು. ಮೂರನೆಯ ಸಲ ಹೋದೆವು. ಮನೆಗೆ ಬಂದಾಗ ಬೀಗತಿ ಯಾರ ಕೈಯನ್ನೂ ಹಿಡಿಯದೆ ಇಳಿದು, ಸೊಸೆಗಿಂತ ಬೇಗ ಮೆಟ್ಟಿಲು ಹತ್ತಿದರು.

"ಅಕ್ಕಾರ, ಇಂಥಾ ಗಾಡಿ ಎಲ್ಲೂ ನೋಡಿಲ್ಲ. ಬಸುರೀನ್ನ ಇದರಾಗ ಕೂಡಸಾಕ ಸಾಧ್ಯನ ಇಲ್ಲ. ಆದ್ರ ಗಾಡಿ ನಾಲ್ಕ ದಿನ ಇಲ್ಲೇ ಇರ್ಲಿ. ಮಗಳ ಬಾಣಂತನ ನೀವ ಮಾಡ್ರಿ, ನಾ ಬ್ಯಾಡನ್ನಂಗಿಲ್ಲ. ನೀವೂ ಇಲ್ಲೇ ಇರ್ರಿ."

ಬಾಗಿಲಲ್ಲಿ ನಿಂತ ಮಗಳು ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಆ ಸೊಂಟ ನಿಜಕ್ಕೂ ಹಿಡಿದಿತ್ತೋ ಇಲ್ಲವೋ, ಈ ಹೊತ್ತಿಗೂ ನನಗೆ ಅನುಮಾನವಿದೆ.

ಒಟ್ಟು ಬಿದ್ದ ಖರ್ಚು ಹೀಗೆ. ದೊಡ್ಡ ಗಾಲಿ ನಾಲ್ಕಕ್ಕೆ ಒಂದು ಲಕ್ಷ ಎಪ್ಪತ್ತು ಸಾವಿರ. ಡೊಂಕು ತಟ್ಟಿಸಿದ್ದಕ್ಕೆ ನಾಲ್ಕು ಸಾವಿರ. ಮೊದಲಿನ ಅಳತೆಯ ಗಾಲಿ ಕಡೆಗೂ ಬಂದಾಗ ಎಂಬತ್ತೆರಡು ಸಾವಿರ. ಮೊಮ್ಮಗಳು ಹುಟ್ಟಿದ್ದು ಮುದ್ದೇಬಿಹಾಳದಲ್ಲಿ, ಮುಖ ಮೊದಲು ನೋಡಿದವರು ಬೀಗತಿ. ನಾನು ಐದು ತಿಂಗಳು ಅವರ ಮನೆಯಲ್ಲಿದ್ದೆ. ಅವರು ಸಾರಿಗೆ ಉಪ್ಪು ಹಾಕುವುದು ಮರೆತ ದಿನವೂ "ಭಾಳ ರುಚಿ ಆಗೈತ್ರಿ" ಎಂದು ಉಂಡೆ.