ಹುಣಸೂರಿನ ಹಾಲು

"ಎಲ್ಲಾ ಸರಿ ಮುಖ್ತಾರ್, ನೀನು ಯಾವ ಸೀಮೆಯೋನು?" ಎಂದು ಶಂಶುದ್ದೀನ್ ಸಾಹೇಬರು ಮದುವೆ ಮಾತಿನ ನಡುವೆ ಕೇಳಿದ್ದೇ ಅಷ್ಟೂ ರಗಳೆಗೆ ಮೂಲವಾಯಿತು.

ಮುಖ್ತಾರ್ ಹುಣಸೂರಿನ ಬೀದಿಗಳಲ್ಲಿ ಪಾತ್ರೆಗೆ ಕಲಾಯಿ ಹಾಕುವವನು. ಕೂಸಾಗಿದ್ದಾಗ ಅವನನ್ನು ಯಾರೋ ಅಲೆಮಾರಿ ಮುದುಕ ಹೊತ್ತು ತಂದಿದ್ದ. ಎಲ್ಲಿಂದ ಎಂದು ಹೇಳದೆಯೇ ಸತ್ತ. ಕೊಡಗಿಗೆ ಹೋದರೆ ಗಡಿಯ ಪೇದೆ "ನೀನು ಮೈಸೂರಿನವನು, ನಡಿ" ಎನ್ನುತ್ತಿದ್ದ. ಇತ್ತ ಬಂದರೆ ಇಲ್ಲಿನ ಪೇದೆ "ನೀನು ಮಲಬಾರಿನವನು" ಎಂದು ಗದರುತ್ತಿದ್ದ. ಪೇಟೆಯಲ್ಲಿ ಅಂಗಡಿಗೆ ಜಾಗ ಕೇಳಿದರೆ, ಅದು ಮಹಾರಾಜರ ಪ್ರಜೆಗಳಿಗೆ ಮಾತ್ರ.

"ಊರಿಲ್ಲದೋನಿಗೆ ನನ್ ಮಗಳು ಜೀನತ್‌ನ ಹೆಂಗೆ ಕೊಡ್ಲಿ? ಮೈಸೂರು ಪ್ರಜೆ ಅನ್ನಿಸ್ಕೊಂಡು ಬಾ, ನಿಕಾಹ್ ಮಾಡ್ತೀನಿ," ಎಂದರು ಸಾಹೇಬರು.

ಪರದೆಯ ಹಿಂದೆ ಜೀನತುನ್ನೀಸಾಳ ಬಳೆ ಸದ್ದಾಯಿತು. ಅದನ್ನು 'ಹೂಂ' ಎಂದೇ ತಿಳಿದ ಮುಖ್ತಾರ್ ಮರುದಿನ ಬೆಳಿಗ್ಗೆ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರ ಮುಂದೆ ಹೋಗಿ ನಿಂತ.

"ಈ ಸೀಮೆಯೋನು ಅನ್ನೋದಕ್ಕೆ ಸಾಕ್ಷಿ ಯಾರಪ್ಪ?"

ಸಾಕ್ಷಿಗೇನು ಕೊರತೆ? ಇಡೀ ಬೀದಿಯೇ ಅವನ ಬೆನ್ನಿಗೆ ಬಂದಿತ್ತು.

"ನಮ್ ಕೊಟ್ಟಿಗೇಲೇ ಉಟ್ಟಿದ್ದು ಬುದ್ದಿ, ನಾನೇ ಬಿಸ್ನೀರು ಕಾಯಿಸ್ದೆ," ಎಂದಳು ನೆರೆಮನೆಯ ಚೆಲುವಮ್ಮ.

"ನನ್ ಗಾಡೀಲಿ ಉಟ್ಟಿದ್ದು ಬುದ್ದಿ, ಪಿರಿಯಾಪಟ್ಣದ ರಸ್ತೇಲಿ!" ಎಂದು ಅದೇ ಗಳಿಗೆಗೆ ಗಾಡಿ ಹೊಡೆಯುವ ಮುದ್ದಯ್ಯ ಕೂಗಿದ.

ಅಮಲ್ದಾರರು ಕನ್ನಡಕ ತೆಗೆದರು. "ಒಬ್ಬ ಮನುಷ್ಯ ಎರಡು ಕಡೆ ಹೇಗಯ್ಯ ಹುಟ್ಟುತ್ತಾನೆ?"

"ಗಾಡಿ ಓಡ್ತಿತ್ತಲ್ಲ ಬುದ್ದಿ."

"ಓಡ್ಕಂಡು ನಮ್ ಕೊಟ್ಟಿಗೆಗೇ ಬಂತು," ಎಂದು ಚೆಲುವಮ್ಮ ತೇಪೆ ಹಾಕಿದಳು.

"ಸುಳ್ಳುಸಾಕ್ಷಿ ಹೇಳಿದರೆ ಜೈಲು, ಗೊತ್ತೇನು?"

ಇಬ್ಬರೂ ಮೆಲ್ಲನೆ ಹಿಂದೆ ಸರಿದರು. ಮುಖ್ತಾರ್ ಮತ್ತೆ ಯಾರಿಗೂ ಸೇರದವನಾಗಿ ಒಬ್ಬನೇ ಉಳಿದ. ಆಗ ಬಾಗಿಲ ಬಳಿ ಬುರ್ಖಾದೊಳಗಿಂದ ಒಂದು ದನಿ ಬಂತು. ಅದು ಜೀನತಳ ತಾಯಿ ಆಮಿನಾಬಿಯದು.

"ಎಲ್ಲಿ ಹುಟ್ಟಿದ್ನೋ ನಾನರಿಯೆ, ಸ್ವಾಮಿ. ಪ್ಲೇಗಿನ ವರ್ಷ ನಾವೆಲ್ಲ ಊರಾಚೆ ಜೋಪಡೀಲಿದ್ವಿ. ನನ್ನ ಮೊದಲ್ನೇ ಕೂಸು ಆಗ್ತಾನೇ ಹೋಗಿತ್ತು. ಈ ಕೂಸು ಹಸ್ಕೊಂಡು ಅಳ್ತಿತ್ತು. ನಾನೇ ಎದೆಹಾಲು ಕೊಟ್ಟೆ. ಹುಣಸೂರಿನ ಹಾಲು ಕುಡಿದೋನು ಪರದೇಶಿ ಹೆಂಗಾಗ್ತಾನೆ?"

ಅಮಲ್ದಾರರು ಕನ್ನಡಕವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. "ಸಾಕು ತಾಯಿ. ಇವನು ಮೈಸೂರು ಪ್ರಜೆ."

ದಿನವೂ ಗೋಡೆಯಂಚಿನಲ್ಲಿ ನಡೆಯುತ್ತಿದ್ದ ಮುಖ್ತಾರ್ ಅಂದು ರಸ್ತೆಯ ನಟ್ಟನಡುವೆ ನಡೆದ. ಎದುರಾದ ಪೇದೆಗೆ ತಾನೇ ಮೊದಲು ಸಲಾಂ ಹೇಳಿದ. ಪೇದೆಯೂ ಏನೂ ಕೇಳದೆ ಸಲಾಂ ಹೇಳಿದ. ಅಷ್ಟಕ್ಕೇ ಅವನ ಕಣ್ಣು ತುಂಬಿತು.

ಮಿಠಾಯಿ ಹಿಡಿದು ಮಾವನ ಮನೆಗೆ ಹೋದರೆ, ಶಂಶುದ್ದೀನ್ ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಪಕ್ಕದಲ್ಲಿ, ಕಚೇರಿಯ ಸುದ್ದಿ ಕೇಳಿ ಬಂದಿದ್ದ ಮಸೀದಿಯ ಮೌಲ್ವಿಗಳು.

"ಒಬ್ಬಳೇ ತಾಯಿಯ ಹಾಲು ಕುಡಿದೋರು ಅಣ್ಣ ತಂಗಿ ಆಗ್ತಾರಪ್ಪ. ಮದುವೆ ಕೂಡದು," ಎಂದರು ಮೌಲ್ವಿಗಳು.

ಮಿಠಾಯಿ ಪೊಟ್ಟಣ ಕೈಜಾರಿತು. ಒಳಗಿನಿಂದ ಆಮಿನಾಬಿ ಅಳುತ್ತಾ ಬಂದಳು. "ಕೂಸು ಹೋಗಿದ್ದು ನಿಜ ಕಣ್ರೀ. ಹಾಲು ಕೊಟ್ಟಿದ್ದು ಸುಳ್ಳು. ಕೊಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು, ಬಾಯಿಗೆ ಬಂದ್ಬಿಡ್ತು!"

"ಹಂಗಾದ್ರೆ ನಿಕಾಹ್‌ಗೆ ಮುಂಚೆ ಅದು ಸುಳ್ಳು ಅಂತ ಅಮಲ್ದಾರರ ಮುಂದೆ ಹೋಗಿ ಹೇಳು," ಎಂದು ಸಾಹೇಬರು ಸಿಡುಕಿದರು. "ನೀನು ಜೈಲಿಗೆ, ಇವನು ಗಡಿಯಾಚೆಗೆ!"

ಮುಖ್ತಾರ್ ಆಮಿನಾಬಿಯ ಮುಖ ನೋಡಿದ. ಹುಟ್ಟಿದಾಗಿನಿಂದ ತನಗಾಗಿ ಇಷ್ಟು ದೊಡ್ಡ ಸುಳ್ಳು ಹೇಳಿದವರು ಬೇರೆ ಯಾರೂ ಇರಲಿಲ್ಲ.

"ಸುಳ್ಳಲ್ಲ, ಅಮ್ಮಿ," ಎಂದ. "ನಿಜಾನೇ ಇರ್ಲಿ ಬುಡಿ."

ಪರದೆಯ ಹಿಂದೆ ಬಳೆಗಳು ಸುಮ್ಮನಾದವು. ಆಮಿನಾಬಿ ಕಣ್ಣೊರೆಸಿಕೊಂಡು ಅವನ ಮುಂದೆ ತಟ್ಟೆ ಇಟ್ಟು, ಮನೆಮಗನಿಗೆ ಬಡಿಸುವಂತೆ ಬಡಿಸಿದಳು. ಅವನು ಮೊದಲ ತುತ್ತು ಎತ್ತಿದ್ದನಷ್ಟೆ, ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಬೇಗ ಉಣ್ಣಪ್ಪ. ಪಿರಿಯಾಪಟ್ಟಣದಲ್ಲಿ ಒಬ್ಬ ಒಳ್ಳೇ ಹುಡುಗ ಇದಾನಂತೆ. ತಂಗಿಗೆ ಗಂಡು ನೋಡೋಕೆ ಅಣ್ಣ ತಾನೇ ಹೋಗ್ಬೇಕು?"