ಪಾಚಿ ಬಂಡೆಯ ಮೇಲೆ ನಮ್ಮತ್ತೆ

ನಮ್ಮ ಸೋದರತ್ತೆ ಈವರೆಗೆ ಎರಡು ಸಲ ಸತ್ತಿದ್ದಾರೆ. ಎರಡು ಸಲವೂ ಎದ್ದು ಕೂತು, ಹೆಣ ಎತ್ತಲು ಬಂದವರನ್ನು ಬೈದು ಕಳಿಸಿದ್ದಾರೆ!

ಹೆಗ್ಗದ್ದೆ ಊರಿನ ಮೇಲಿನ ಕಾಡಿನಲ್ಲಿ, ಹಳ್ಳದ ಪಕ್ಕ ಪಾಚಿ ಕಟ್ಟಿದ ಬಂಡೆಯೊಂದಿದೆ. ಮೊದಲ ಮಳೆ ಬಿದ್ದ ಮೇಲೆ ಕೆಲವೇ ದಿನ, ಅಕ್ಕಿಕಾಳಿಗಿಂತ ಚಿಕ್ಕದೊಂದು ಪತಂಗ ಅಲ್ಲಿ ಹಗಲಲ್ಲೇ ಹಾರುತ್ತದೆ. ಹುಳುವಾಗಿದ್ದಾಗ ಅದಕ್ಕೆ ಪಾಚಿಯೇ ಅನ್ನ. ಬೇರೆಲ್ಲೂ ಅದು ಇಲ್ಲವೆಂದು ಅತ್ತೆಯ ವಾದ. ಬೇರೆ ಕಡೆ ಬಂಡೆಗೆ ಕೆನ್ನೆಯಾನಿಸಿ ಮಲಗಿ ನೋಡಿದವರಾದರೂ ಯಾರು? ಅತ್ತೆ ಮಂಜಿನಲ್ಲಿ ಬೂದು ಕಂಬಳಿ ಹೊದ್ದು, ಉಸಿರು ಬಿಗಿಹಿಡಿದು ಬಿದ್ದಿರುತ್ತಾರೆ. ಬಿಸಿಯುಸಿರು ತಾಗಿದರೆ ಪತಂಗ ಬರುವುದಿಲ್ಲವಂತೆ!

ಮೊದಲ ಸಲ ಅವರು ಹಾಗೆ ಬಿದ್ದಿದ್ದನ್ನು ಕಂಡವನು ಹಾನುಬಾಳಿನ ಜೀಪ್ ಡ್ರೈವರ್. ಎಸ್ಟೇಟ್ ಲೈನ್‌ಮನೆಗಳ ಕೂಲಿಯವರನ್ನೆಲ್ಲ ಕರೆತಂದ. ಯಾರೋ ಅಳುವುದಕ್ಕೂ ಶುರುಮಾಡಿದರು.

"ಏಯ್, ಅಳೋದಾದ್ರೆ ದೂರ ಹೋಗಿ ಅಳ್ರೋ! ಬಂದಿದ್ದು ಹಾರಿ ಹೋಗ್ಬುಡ್ತು!" ಎಂದು ಹೆಣ ಗದರಿತು. ಡ್ರೈವರ್ ಓಡಿದವನು ತಿರುಗಿ ನೋಡಲಿಲ್ಲ. ಜೀಪನ್ನು ಮರುದಿನ ಅವನ ಹೆಂಡತಿ ಬಂದು ಓಡಿಸಿಕೊಂಡು ಹೋದಳು.

ಎರಡನೆಯ ಸಲ ಆಲೂರಿನ ಚಿಕ್ಕಪ್ಪ ಮಲ್ಲಿಗೆ ಹಾರ ಹಿಡಿದೇ ಬಂದಿದ್ದರು. ಅತ್ತೆ ಅದನ್ನು ವಾಪಸು ಕೊಡಲಿಲ್ಲ. ತುಂಡು ಮಾಡಿ ಮುಡಿದುಕೊಂಡರು!

ಈ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಹಾಸನದಲ್ಲಿ ಆಪರೇಷನ್‌ಗೆ ದಿನ ಗೊತ್ತುಮಾಡಿದಾಗಲೆಲ್ಲ ತಪ್ಪಿಸಿಕೊಂಡರು. ಕೊನೆಗೆ ಕರೆತರಲು ನಾನೇ ಬಂಡೆಯ ಹತ್ತಿರ ಹೋದೆ.

"ಒಂದಾದ್ರೂ ಬರ್ಲಿ ಕಣೇ, ಆಮೇಲೆ ಬತ್ತೀನಿ. ನೀನೂ ಮಲಕ್ಕೋ."

ಮಲಗಿದೆ. ಮಂಜಿಳಿದು ಮರಗಳು ಮಾಯವಾದವು. ಹಳ್ಳದ ಸದ್ದೂ ದೂರ ಸರಿಯಿತು. ಕಣ್ಣೆದುರೇ ಪಾಚಿ ಮೆಲ್ಲಗೆ ಅಲುಗಿತು, ಗಾಳಿಯಿರಲಿಲ್ಲ. ಬಂಡೆಯೇ ಉಸಿರಾಡುತ್ತಿದೆ ಅನ್ನಿಸಿತು. ಪಕ್ಕಕ್ಕೆ ನೋಡಿದರೆ ಅತ್ತೆ ಯಾವುದು, ಕಲ್ಲು ಯಾವುದು?

"ಅತ್ತೆ," ಎಂದೆ. ಮತ್ತೆ ಕರೆದೆ. ಮುಟ್ಟಿದೆ. ಕೆನ್ನೆ ಕಲ್ಲಿನಷ್ಟೇ ತಣ್ಣಗಿತ್ತು.

ಕಿರುಚಲು ಬಾಯಿ ತೆರೆದವಳಿಗೆ ಅವರ ಹುಬ್ಬಿನ ಮೇಲೊಂದು ಕಂಚಿನ ಬಣ್ಣದ ಚೂರು ಕಂಡಿತು. ಅದು ರೆಕ್ಕೆ ಮಡಿಸಿತು.

"ಅತ್ತೆ, ಬಂದೈತೆ!"

"ಎಲ್ಲಿ?" ತುಟಿ ಮಾತ್ರ ಅಲುಗಿತು.

"ನಿಮ್ಮ ಹುಬ್ಬಿನ ಮೇಲೆ."

ಅತ್ತೆ ರೆಪ್ಪೆ ಬಡಿಯಲಿಲ್ಲ. ಕಣ್ಣು ತುಂಬಿ ನೀರು ಕಲ್ಲಿನ ಮೇಲಿಳಿಯಿತು. "ಹೆಂಗೈತೆ, ಹೇಳು."

ಅದು ಹಾರಿಹೋಗುವವರೆಗೂ ಹೇಳುತ್ತಲೇ ಇದ್ದೆ.

"ಸರಿ, ನಡಿ ಆಸ್ಪತ್ರೆಗೆ," ಎಂದು ಎದ್ದವರು ಕಾಲುದಾರಿ ಬಿಟ್ಟು ಹಳ್ಳದ ಕಡೆಗೆ ಹೆಜ್ಜೆಯಿಟ್ಟರು. ಓಡಿಹೋಗಿ ಕೈ ಹಿಡಿದೆ. ಆಗ ಅರ್ಥವಾಯಿತು: ಇಷ್ಟು ದಿನ ಅವರು ಬಂಡೆಯವರೆಗೆ ಮರಗಳನ್ನು ತಡವಿಕೊಂಡೇ ಬರುತ್ತಿದ್ದರು.

"ಮನೇಲಿ ಹೇಳ್ಬ್ಯಾಡ ಕಣೇ," ಎಂದರು ಅತ್ತೆ. ರಸ್ತೆ ಸಿಕ್ಕಿದ ಮೇಲೂ ನನ್ನ ಕೈ ಬಿಡಲಿಲ್ಲ.